ಕೋಲಾರದ ಟಿಶ್ಯೂ ಕಲ್ಚರ್ ತರಬೇತಿ: ಕೈಕೆಲಸ ಕಲಿಯಲು ಸೇರಿ, ಪ್ಲೇಸ್‌ಮೆಂಟ್ ನಂಬಿ ಸೇರಬೇಡಿ

ಮುಳಬಾಗಿಲು, ಬಂಗಾರಪೇಟೆ, ಶ್ರೀನಿವಾಸಪುರದ ಕಡೆಯ ಬಿಎಸ್ಸಿ ಹುಡುಗ ಹುಡುಗಿಯರು ಈ ಕೋರ್ಸ್ ಹೇಗಿದೆ ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಕೋಲಾರದಿಂದ ಸ್ವಲ್ಪ ಆಚೆ ಇರುವ ಖಾಸಗಿ ಲ್ಯಾಬ್ ಅದು. ಟಿಶ್ಯೂ ಕಲ್ಚರ್ ಅಂದರೆ ಗಿಡದ ಚೂರನ್ನು ಸೂಕ್ಷ್ಮಜೀವಿ ಸೇರದ ಹಾಗೆ ಜಾರಿನಲ್ಲಿ ಬೆಳೆಸಿ ಸಸಿ ಮಾಡುವುದು. ಹಾಗೆ ಬಾಳೆ ಸಸಿ ಮಾಡಿ ರೈತರಿಗೆ ಮಾರುತ್ತಾರೆ, ಜೊತೆಗೆ ಒಂದು ತಿಂಗಳ ತರಬೇತಿ ಕೊಡುತ್ತಾರೆ. ಹೆಸರು ಹಾಕುತ್ತಿಲ್ಲ. ನನಗೆ ಬೇಜಾರಾದ ಸಂಗತಿಗಳೂ ಇವೆ. ಅದೂ ಅಲ್ಲದೆ ಇಂಥ ಬೇರೆ ಯಾವ ಸೆಂಟರ್‌ಗೆ ಸೇರುವವರಿಗೂ ಇದು ಉಪಯೋಗಕ್ಕೆ ಬರಬೇಕು ಅಂತ ನನ್ನ ಆಸೆ.

ನಾನು ಓದಿದ್ದು ಬಿಎಸ್ಸಿ ಬಯೋಟೆಕ್ನಾಲಜಿ. ಟಿಶ್ಯೂ ಕಲ್ಚರ್ ಸಿಲಬಸ್ಸಿನಲ್ಲೇ ಇತ್ತು. ಲ್ಯಾಮಿನಾರ್ (ಶುದ್ಧ ಗಾಳಿ ಬೀಸುತ್ತಿರುವ, ಒಳಗೆ ಕೈಯಿಟ್ಟು ಕೆಲಸ ಮಾಡುವ ಕ್ಯಾಬಿನೆಟ್) ಚಿತ್ರ ಬರೆದು, ಭಾಗ ಗುರುತಿಸಿ, ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡಿದ್ದೆವು. ಅದರ ಮುಂದೆ ಕೂತು ಕೆಲಸ ಮಾಡಿದ್ದು ಮಾತ್ರ ಈ ಲ್ಯಾಬಿಗೆ ಬಂದ ಮೇಲೆ. ನಮ್ಮ ಜಿಲ್ಲೆಯಲ್ಲಿ ಈ ವಿಷಯ ಓದಿದ ಎಷ್ಟೋ ಜನರ ಕಥೆ ಇದೇ, ಅಲ್ವಾ? ಪುಸ್ತಕದಲ್ಲಿರುವುದೆಲ್ಲ ಗೊತ್ತಿರುತ್ತದೆ, ಆದರೆ ಇಂಟರ್‌ವ್ಯೂನಲ್ಲಿ ಫೋರ್ಸೆಪ್ಸ್ ಕೊಟ್ಟು ಮಾಡಿ ತೋರಿಸಿ ಅಂದರೆ ಕೈ ಓಡುವುದಿಲ್ಲ.

ಈ ಕೋರ್ಸಿನ ದೊಡ್ಡ ಬಲ ಅಂದರೆ ಅಲ್ಲಿ ಕಲಿಸುವ ಅಕ್ಕಂದಿರು. ಸುತ್ತಲಿನ ಹಳ್ಳಿಗಳಿಂದ ಬರುತ್ತಾರೆ, ಹೆಚ್ಚಿನವರು ಎಸ್ಸೆಸ್ಸೆಲ್ಸಿ, ಪಿಯುಸಿ ಓದಿದವರು. ವರ್ಷಗಟ್ಟಲೆ ಇದೇ ಕೆಲಸ ಮಾಡಿ ಅವರ ಕೈ ಎಷ್ಟು ಪಳಗಿದೆ ಅಂದರೆ, ನೋಡುತ್ತಾ ಕೂತರೂ ಪಾಠ ಆಗುತ್ತದೆ. ಕೈಯನ್ನು 70 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಒರೆಸಿಕೊಳ್ಳುತ್ತಾರೆ, ಅದು ಪೂರ್ತಿ ಆರುವವರೆಗೆ ಕಾಯುತ್ತಾರೆ, ಆಮೇಲೆ ಫೋರ್ಸೆಪ್ಸನ್ನೂ ಬ್ಲೇಡನ್ನೂ ಬಿಸಿ ಮಾಡಿ ತಣ್ಣಗಾಗಲು ಇಡುತ್ತಾರೆ, ಜಾರಿನಿಂದ ಬಾಳೆ ಗೊಂಚಲು ಎತ್ತಿ, ಕಪ್ಪಾದ ಭಾಗ ಸವರಿ, ಮೊಳಕೆಗಳನ್ನು ಬಿಡಿಸಿ, ಹೊಸ ಜಾರಿನಲ್ಲಿ ಊರಿ, ಮುಚ್ಚಳ ಬಿಗಿದು ಪಕ್ಕಕ್ಕೆ ಸರಿಸುತ್ತಾರೆ. ಒಂದು ಚಲನೆಯೂ ದಂಡ ಇಲ್ಲ.

ನನ್ನ ಪಕ್ಕ ಕೂತಿದ್ದ ಅಕ್ಕ ಪದೇ ಪದೇ ಹೇಳುತ್ತಿದ್ದರು: "ತೆಗೆದ ಬಾಟ್ಲು ಮೇಲೆ ಕೈ ತರಬೇಡಮ್ಮ, ಪಕ್ಕದಿಂದ ತಗೋ. ಮಾತಿದ್ರೆ ಹೊರಗಡೆ." ಲ್ಯಾಮಿನಾರ್ ಒಳಗಿನ ಗಾಳಿ ಹೆಪಾ ಫಿಲ್ಟರ್ ದಾಟಿ ಬರುತ್ತದೆ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಪರ್ಸೆಂಟ್ ಅಲ್ಲೇ ನಿಲ್ಲುತ್ತವೆ ಅಂತ ನಾವು ಪರೀಕ್ಷೆಗೆ ಬರೆದಿದ್ದೆವು. ಆದರೆ ಆ ಶುದ್ಧ ಗಾಳಿಗೂ ತೆರೆದ ಜಾರಿಗೂ ನಡುವೆ ನಮ್ಮ ಕೈ ಬಂದರೆ, ಕೈ ಮೇಲಿರುವುದೆಲ್ಲ ನೇರ ಜಾರಿಗೇ ಹೋಗುತ್ತದೆ. ಅದು ಅರ್ಥ ಆಗಿದ್ದು ಆ ಅಕ್ಕನ ಪಕ್ಕ ಕೂತಾಗ.

ಮೀಡಿಯಾ, ಅಂದರೆ ಜಾರಿನಲ್ಲಿ ಗಿಡಕ್ಕೆ ಹಾಕುವ ಆಹಾರ, ಅದನ್ನು ಮಾಡುವ ರೂಮಿನಲ್ಲೂ ಚೆನ್ನಾಗಿ ಕಲಿಸಿದರು. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ಅನ್ನುವ ವಿಜ್ಞಾನಿಗಳು ತಂಬಾಕಿನ ಅಂಗಾಂಶ ಬೆಳೆಸಲು ಮಾಡಿಕೊಂಡ ಎಂಎಸ್ ಮೀಡಿಯಾವೇ ಇವತ್ತಿಗೂ ನಮ್ಮ ಬಾಳೆಗೆ ಆಧಾರ. ಲೀಟರಿಗೆ 30 ಗ್ರಾಂ ಸಕ್ಕರೆ ಹಾಕಿ, ಪಿಎಚ್ 5.8ಕ್ಕೆ ತಂದು, ಗಟ್ಟಿಯಾಗಲು ಅಗರ್ ಸೇರಿಸಿ, ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಸಾಯಿಸುವ ಯಂತ್ರ) 121 ಡಿಗ್ರಿಯಲ್ಲಿ ಇಡಬೇಕು. ಮೊಳಕೆ ಜಾಸ್ತಿ ಬರಲು ಬಿಎಪಿ, ಬೇರು ಬರಲು ಐಬಿಎ ಅಥವಾ ಎನ್ಎಎ ಅನ್ನುವ ಹಾರ್ಮೋನು. ಇದಿಷ್ಟೂ ಪುಸ್ತಕದಲ್ಲೇ ಸಿಗುತ್ತದೆ. ಸಿಗದೇ ಇರುವುದು ಅಂದರೆ ನಮ್ಮೂರಿನ ನೀರಿನ ವಿಷಯ. ಕೋಲಾರದ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಬೇರೆ. ಅದಕ್ಕೆ ನೀರಿನ ಶುದ್ಧತೆಯನ್ನು ದಿನಾ ಅಳೆದು ಪುಸ್ತಕದಲ್ಲಿ ಬರೆದ ಮೇಲೆಯೇ ಮೀಡಿಯಾ ಕಲಸುವುದು. ಕರೆಂಟ್ ಮಧ್ಯದಲ್ಲಿ ಹೋಗಿ ಆಟೋಕ್ಲೇವ್ ನಿಂತರೆ, ಆ ಬ್ಯಾಚ್ ಏನು ಮಾಡಬೇಕು ಅನ್ನುವುದಕ್ಕೂ ನಿಯಮ ಬರೆದು ಗೋಡೆಗೆ ಅಂಟಿಸಿದ್ದಾರೆ. ನನಗೆ ತುಂಬಾ ಹಿಡಿಸಿದ್ದು ಈ ಶಿಸ್ತು.

ಪ್ರತಿ ಜಾರಿನ ಮೇಲೂ ತಳಿ, ಎಷ್ಟನೇ ಸಬ್‌ಕಲ್ಚರ್ (ಬಿಡಿಸಿ ಹೊಸ ಜಾರಿಗೆ ಬದಲಾಯಿಸುವುದು), ದಿನಾಂಕ, ಕತ್ತರಿಸಿದವರ ನಂಬರ್ ಬರೆಯಬೇಕು. ಗ್ರೋತ್ ರೂಮಿನಲ್ಲಿ 25 ಡಿಗ್ರಿ ಆಸುಪಾಸಿನಲ್ಲಿ, 16 ಗಂಟೆ ಬೆಳಕಿನಲ್ಲಿ ಇಟ್ಟ ಜಾರುಗಳನ್ನು ಕೆಲವು ದಿನ ಬಿಟ್ಟು ಒಂದೊಂದಾಗಿ ಎತ್ತಿ ನೋಡಿಸುತ್ತಾರೆ. ಮೀಡಿಯಾದ ಮೇಲೆ ಗಿಡದಿಂದ ದೂರದಲ್ಲಿ ಹತ್ತಿಯ ಹಾಗೆ ಬೂಷ್ಟು ಎದ್ದಿದ್ದರೆ, ಬಹುತೇಕ ಅದು ಕೈಯಿಂದಲೋ ಮುಚ್ಚಳದಿಂದಲೋ ಬಂದಿದ್ದು. ಗಿಡದ ಬುಡದಿಂದಲೇ ಹಾಲಿನಂಥ ಪದರ ಹರಡುತ್ತಿದ್ದರೆ, ಬ್ಯಾಕ್ಟೀರಿಯಾ ಬಾಳೆ ಕಂದಿನ ಒಳಗೇ ಇತ್ತು ಅಂತ ಅನುಮಾನ ಪಡಬೇಕು. ಅಂಥ ಜಾರನ್ನು ಅಲ್ಲಿ ತೆರೆಯುವ ಹಾಗಿಲ್ಲ, ಮುಚ್ಚಳ ಸಮೇತ ಆಟೋಕ್ಲೇವ್‌ಗೆ ಹೋಗಬೇಕು. ಆಮೇಲೆ ರಿಜಿಸ್ಟರಿನಲ್ಲಿ ನಂಬರ್ ನೋಡಿ ಆಯಾ ಹುಡುಗಿಯನ್ನು ಕರೆದು, ಬೈಯದೆ, ಮತ್ತೆ ಕೂರಿಸಿ ಮಾಡಿಸುತ್ತಾರೆ. ಕಂಪನಿಗಳಿಗೆ ಬೇಕಾಗಿರುವುದು ಇದೇ ಅಭ್ಯಾಸ. ಮಾಡಿದ್ದನ್ನು ಆಗಲೇ ಬರೆಯುವುದು, ಬರೆದಿದ್ದನ್ನು ತಿದ್ದದೇ ಇರುವುದು. ಔಷಧ ಕಂಪನಿ ಆಗಲಿ, ಬಿತ್ತನೆ ಬೀಜದ ಕಂಪನಿ ಆಗಲಿ, ಮೊದಲ ದಿನದಿಂದ ಕೇಳುವುದು ಇದನ್ನೇ.

ಹಾರ್ಡನಿಂಗ್, ಅಂದರೆ ಸಸಿಯನ್ನು ಹೊರಗಿನ ವಾತಾವರಣಕ್ಕೆ ಒಗ್ಗಿಸುವ ಭಾಗವೂ ಸೊಗಸಾಗಿದೆ. ಜಾರಿನಲ್ಲಿ ಬೆಳೆದ ಸಸಿಗೆ ಬಿಸಿಲು ಗಾಳಿ ಏನೂ ಗೊತ್ತಿರುವುದಿಲ್ಲ, ಎಲೆಯ ಮೇಲಿನ ಮೇಣದ ಪದರವೂ ಸರಿಯಾಗಿ ಬಂದಿರುವುದಿಲ್ಲ. ಬೇರಿಗೆ ಅಂಟಿದ ಅಗರ್ ತೊಳೆದು, ಕೋಕೋಪೀಟ್ ತುಂಬಿದ ಪ್ರೋಟ್ರೇಯಲ್ಲಿ ನೆಟ್ಟು, ತೇವ ಜಾಸ್ತಿ ಇರುವ ಪಾಲಿಹೌಸಿನಲ್ಲಿ ಇಟ್ಟು, ಆಮೇಲೆ ಶೇಡ್ ನೆಟ್ ಕೆಳಗೆ ಪಾಲಿಥಿನ್ ಕವರಿಗೆ ಬದಲಾಯಿಸಬೇಕು. ಲ್ಯಾಬಿನಲ್ಲಿ ಎಷ್ಟೇ ಚೆನ್ನಾಗಿ ಮಾಡಿದರೂ ಇಲ್ಲಿ ಎಡವಿದರೆ ಎಲ್ಲಾ ಹೋಯಿತು.

ಇನ್ನು ಬೇಜಾರಿನ ವಿಷಯಗಳು. ಮೊದಲನೆಯದು ವೈರಸ್ ಪರೀಕ್ಷೆ. ಟಿಶ್ಯೂ ಕಲ್ಚರ್ ಅಂದ ಮಾತ್ರಕ್ಕೆ ಸಸಿಗೆ ರೋಗ ಇಲ್ಲ ಅಂತ ಅರ್ಥ ಅಲ್ಲ. ತಾಯಿ ಗಿಡದಲ್ಲಿ ಬಂಚಿ ಟಾಪ್ ವೈರಸ್ ಇದ್ದರೆ, ಅದು ಸಾವಿರಾರು ಜಾರಿಗೆ ಹಂಚಿಹೋಗಬಹುದು. ಹೀಗಾಗಬಾರದು ಅಂತಲೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಟಿಶ್ಯೂ ಕಲ್ಚರ್ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ ತಂದಿದ್ದು. ಬಾಳೆಯನ್ನು ಎಂಟು ಸಲಕ್ಕಿಂತ ಜಾಸ್ತಿ ಸಬ್‌ಕಲ್ಚರ್ ಮಾಡಬಾರದು ಅನ್ನುವ ಕಟ್ಟುಪಾಡೂ ಇದೆ, ಮೀರಿದರೆ ತಾಯಿಯನ್ನು ಹೋಲದ ಗಿಡಗಳು ಹೆಚ್ಚಾಗುತ್ತವೆ. ಇಷ್ಟು ಮುಖ್ಯವಾದ ವಿಷಯಕ್ಕೆ ಈ ಕೋರ್ಸಿನಲ್ಲಿ ಸ್ಲೈಡ್ ತೋರಿಸಿ ಮುಗಿಸಿದರು. ವೈರಸ್ ಪತ್ತೆ ಮಾಡುವ ಎಲೈಸಾ ಕಿಟ್ ಫ್ರಿಜ್ಜಿನಲ್ಲೇ ಇತ್ತು, ಕೇಳಿದರೆ ಮುಂದಿನ ವಾರ ಅಂದರು, ಆ ವಾರ ಬರಲೇ ಇಲ್ಲ. ಆರು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ 1200 ಸಸಿ ಬೇಕು. ನಮ್ಮ ಕಡೆಯ ರೈತ ಸಾಲ ಮಾಡಿ ಜಿ9 ತಳಿಯ ಬಾಳೆ ಹಾಕುತ್ತಾನೆ, ಸಸಿ ಕೆಟ್ಟದ್ದು ಅಂತ ಗೊತ್ತಾಗುವ ಹೊತ್ತಿಗೆ ಗೊಬ್ಬರ, ಡ್ರಿಪ್, ಕೂಲಿ ಎಲ್ಲಾ ಕೈಬಿಟ್ಟಿರುತ್ತದೆ. ಸಸಿ ಮಾಡುವವರಿಗೆ ಈ ಭಾಗವನ್ನು ಕೈಯಾರೆ ಕಲಿಸಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಎರಡನೆಯದು ಪ್ಲೇಸ್‌ಮೆಂಟ್. ಸೇರುವಾಗ ಕೊಟ್ಟ ಹಾಳೆಯಲ್ಲಿ ನೂರಕ್ಕೆ ನೂರು ಕೆಲಸ ಅಂತ ದಪ್ಪ ಅಕ್ಷರದಲ್ಲಿತ್ತು. ಆಗಿದ್ದು ಇಷ್ಟೇ, ನಮ್ಮ ಬಯೋಡೇಟಾ ಕೆಲವು ಕಂಪನಿಗಳ ಮೇಲ್‌ಗೆ ಕಳಿಸಿದರು. ನನ್ನ ಬ್ಯಾಚಿನಲ್ಲಿ ಕೆಲಸ ಸಿಕ್ಕವರು ತಾವೇ ಹೊಸಕೋಟೆ, ಬೆಂಗಳೂರು ಅಂತ ಅಲೆದು ಹುಡುಕಿಕೊಂಡರು. ಫೀಸಿಗೆ ಅಂತ ಮನೆಯಲ್ಲಿ ಒಡವೆ ಅಡ ಇಟ್ಟು ಬಂದ ಹುಡುಗಿಯೂ ನಮ್ಮ ಜೊತೆಗಿದ್ದಳು. ಅಂಥವರಿಗೆ ಹೀಗೆ ಭರವಸೆ ಕೊಡುವುದು ತಪ್ಪು. ಕೈಕೆಲಸ ಕಲಿಸುತ್ತೇವೆ, ಕೆಲಸ ನೀವೇ ಹುಡುಕಿಕೊಳ್ಳಿ ಅಂತ ನೇರವಾಗಿ ಹೇಳಿದ್ದರೂ ಜನ ಸೇರುತ್ತಿದ್ದರು, ಕಲಿಸುವುದು ಅಷ್ಟು ಚೆನ್ನಾಗಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ವೈರಸ್ ಪರೀಕ್ಷೆ ಕೈಯಲ್ಲಿ ಮಾಡಿಸಿದರೆ ನಾಲ್ಕೂವರೆ.

ಯಾರು ಸೇರಬೇಕು? ಪಿಯುಸಿ ಆಗಿ, ಮನೆಗೆ ಹತ್ತಿರದಲ್ಲೇ ಕೆಲಸ ಬೇಕು ಅನ್ನುವ ಹೆಣ್ಣುಮಕ್ಕಳಿಗೆ ಇದು ಒಳ್ಳೆಯ ದಾರಿ, ಈ ಕೆಲಸಕ್ಕೆ ಡಿಗ್ರಿಗಿಂತ ಕೈ ಮುಖ್ಯ. ನರ್ಸರಿ ಇಟ್ಟುಕೊಂಡವರೂ ಹಾರ್ಡನಿಂಗ್ ಕಲಿಯಲು ಬರಬಹುದು. ಆದರೆ ಬಿಎಸ್ಸಿ, ಎಂಎಸ್ಸಿ ಮುಗಿಸಿ ಔಷಧ ಕಂಪನಿಯ ಕ್ವಾಲಿಟಿ ವಿಭಾಗಕ್ಕೋ ಸಂಶೋಧನೆಗೋ ಹೋಗಬೇಕು ಅನ್ನುವವರು ಮೊದಲು ಬೈಸೆಪ್ ಬಗ್ಗೆ ವಿಚಾರಿಸಿ. ರಾಜ್ಯ ಸರ್ಕಾರ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ ಮಾಡಿದ ಪಿಜಿ ಡಿಪ್ಲೊಮಾ ಅದು, ಓದಿನ ಜೊತೆಗೆ ಕಂಪನಿಯಲ್ಲಿ ಇಂಟರ್ನ್‌ಶಿಪ್ಪೂ ಇರುತ್ತದೆ. ನಮ್ಮ ಕಡೆಯ ಕಾಲೇಜುಗಳಲ್ಲಿ ಇದರ ಬಗ್ಗೆ ಹೇಳುವವರು ಕಡಿಮೆ. ಕೋಲಾರದ ಪಕ್ಕದ ಟಮಕದಲ್ಲಿ ತೋಟಗಾರಿಕೆ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ ಎರಡೂ ಇವೆ, ಅಲ್ಲಿಯೂ ಹೋಗಿ ತರಬೇತಿ ಯಾವಾಗ ಇದೆ ಅಂತ ಕೇಳಿ.

ಯಾವ ಸೆಂಟರ್ ಆದರೂ ಸರಿ, ದುಡ್ಡು ಕಟ್ಟುವ ಮುಂಚೆ ಸುಮ್ನೆ ಆಫೀಸಿನಲ್ಲಿ ಕೂತು ಬರಬೇಡಿ. ಒಬ್ಬರಿಗೆ ದಿನಕ್ಕೆ ಎಷ್ಟು ಹೊತ್ತು ಲ್ಯಾಮಿನಾರ್ ಸಿಗುತ್ತದೆ ಅಂತ ಕೇಳಿ, ನಮ್ಮಲ್ಲಿ ಜನ ಜಾಸ್ತಿ ಆಗಿ ಮಧ್ಯಾಹ್ನದವರೆಗೆ ಕಾಯುವುದೇ ಆಗುತ್ತಿತ್ತು. ಲ್ಯಾಬಿಗೆ ಪ್ರಮಾಣೀಕರಣ ಇದೆಯೇ ಅಂತ ಪತ್ರ ನೋಡಿ. ಹಿಂದಿನ ಬ್ಯಾಚಿನ ಇಬ್ಬರು ಮೂವರ ಜೊತೆ ಮಾತಾಡಿಸಿ ಅನ್ನಿ. ಗ್ರೋತ್ ರೂಮಿನ ಕಿಟಕಿಯಿಂದ ಜಾರುಗಳನ್ನೂ, ಕಂಟಾಮಿನೇಷನ್ (ಬೂಷ್ಟು, ಬ್ಯಾಕ್ಟೀರಿಯಾ ಬಂದು ಕೆಟ್ಟ ಜಾರುಗಳ) ರಿಜಿಸ್ಟರನ್ನೂ ತೋರಿಸಿ ಅಂತ ಕೇಳಿ. ರಿಜಿಸ್ಟರೇ ಇಲ್ಲ ಅಂದರೆ ಅಲ್ಲಿ ಸೇರಬೇಡಿ.