ಮಾಟುಂಗಾದ ಒಂದು ಡಾಪ್ಲರ್ ಕೇಂದ್ರ: ಒಳಗೆ ತಾಳ್ಮೆ, ಹೊರಗೆ ಅವಸರ

ಚೊಚ್ಚಲ ಹೆರಿಗೆಗೆಂದು ಪುಣೆಯಿಂದ ತವರಿಗೆ ಬಂದಿರುವ ಮಗಳಿಗೆ 34ನೇ ವಾರದಲ್ಲಿ ರಕ್ತದೊತ್ತಡ ಏರಿತು. ಹೊಟ್ಟೆಯ ಅಳತೆಯೂ ವಾರಕ್ಕೆ ತಕ್ಕಷ್ಟು ಇಲ್ಲವೆಂದು ಕಂಡುಕೊಂಡ ಪ್ರಸೂತಿ ತಜ್ಞೆ ಕಲರ್ ಡಾಪ್ಲರ್, ಅಂದರೆ ರಕ್ತದ ಓಟವನ್ನು ಅಳೆಯುವ ಸ್ಕ್ಯಾನ್, ಮಾಡಿಸಿಕೊಂಡು ಬರುವಂತೆ ಬರೆದುಕೊಟ್ಟರು. ಹೀಗಾಗಿ ಕಳೆದ ವಾರ ಮುಂಬೈಯ ಮಾಟುಂಗಾ ಪೂರ್ವದ ಒಂದು ಖಾಸಗಿ ಸೋನೋಗ್ರಫಿ ಕೇಂದ್ರದಲ್ಲಿ ನಮ್ಮ ಅರ್ಧ ದಿನ ಕಳೆಯಿತು.

ಒಳಹೋಗುವ ಮುನ್ನ ಗುರುತಿನ ಚೀಟಿ ತೋರಿಸಿ, ಮಗುವಿನ ಲಿಂಗ ತಿಳಿಯುವ ಇಚ್ಛೆಯಿಲ್ಲವೆಂದು ‘ಎಫ್’ ನಮೂನೆಗೆ ಸಹಿ ಹಾಕಬೇಕಾಯಿತು. ಇದು 1994ರ ಕೇಂದ್ರ ಕಾಯಿದೆಯ ನಿಯಮ; ಮಹಾರಾಷ್ಟ್ರ ಅದಕ್ಕೂ ಮೊದಲೇ, 1988ರಲ್ಲಿ, ತನ್ನದೇ ಕಾಯಿದೆ ಮಾಡಿಕೊಂಡಿತ್ತು. ಈ ಕೆಲಸವನ್ನು ಕೌಂಟರಿನವರು ಚುರುಕಾಗಿಯೇ ಮುಗಿಸಿದರು.

ಪರೀಕ್ಷೆಯ ಬಗ್ಗೆ ನನಗೆ ಒಳ್ಳೆಯ ಮಾತುಗಳೇ ಇವೆ. ಉಡುಪಿ ಕಡೆಯ ಆಯಾ ಮಗಳ ಬಲ ಸೊಂಟದಡಿ ಸಣ್ಣ ದಿಂಬೊಂದನ್ನು ಇಟ್ಟು, “ಎಡಕ್ಕೆ ಸ್ವಲ್ಪ ವಾಲಿ ಮಲಗು ಮಗಾ” ಎಂದರು. ತುಂಬು ಬಸುರಿ ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುವುದುಂಟು. ವೈದ್ಯೆ ಹೊಕ್ಕುಳಬಳ್ಳಿಯನ್ನು ಹುಡುಕಿ ತೆಗೆದಾಗ ಪರದೆಯ ಮೇಲೆ ಗರಗಸದ ಹಲ್ಲಿನಂತೆ ಅಲೆಗಳು ಮೂಡಿದವು. ಮರುಕ್ಷಣವೇ ಅವು ಏರುಪೇರಾದವು. ಅವರು ಅಳತೆ ಹಾಕದೆ ಸುಮ್ಮನೆ ಕಾದರು. ಮಗು ಉಸಿರಾಟದ ಅಭ್ಯಾಸ ನಡೆಸಿದೆ, ಅದು ನಿಲ್ಲುವವರೆಗೆ ತೆಗೆದ ಯಾವ ಲೆಕ್ಕವನ್ನೂ ನಂಬಲಾಗದು ಎಂದು ಮರಾಠಿಯಲ್ಲಿ ವಿವರಿಸಿದರು. ಮಗುವಿನ ತಲೆಯ ಬಳಿ ಬಂದಾಗ ಕೈಯನ್ನು ಇನ್ನಷ್ಟು ಹಗುರ ಮಾಡಿದರು, ಏಕೆಂದರೆ ಅಲ್ಲಿ ಒತ್ತಿದರೆ ಮೆದುಳಿನ ರಕ್ತದ ಓಟವೇ ಬದಲಾಗಿ ಕಾಣುತ್ತದೆ.

ಹೊಕ್ಕುಳಬಳ್ಳಿಯ ಅಪಧಮನಿಯಲ್ಲಿ ಎರಡು ಬಡಿತಗಳ ನಡುವೆಯೂ ರಕ್ತ ಮಾಸಿನತ್ತ ಹರಿಯುತ್ತಲೇ ಇರಬೇಕು. ಮಾಸು ಸೋಲುತ್ತ ಬಂದಂತೆ ಆ ನಡುವಿನ ಹರಿವು ತಗ್ಗಿ, ನಿಂತು, ಕೊನೆಗೆ ಹಿಂದಕ್ಕೆ ತಿರುಗುತ್ತದೆ. ಆಮ್ಲಜನಕ ಸಾಲದ ಮಗು ಮೆದುಳನ್ನು ಉಳಿಸಿಕೊಳ್ಳಲು ಅಲ್ಲಿನ ನಾಳಗಳನ್ನು ಅಗಲಿಸಿಕೊಳ್ಳುತ್ತದೆ. ಆದ್ದರಿಂದ ಎರಡೂ ಕಡೆ ರಕ್ತದ ಓಟಕ್ಕಿರುವ ತಡೆಯನ್ನು ಸೂಚಿಸುವ ಅಂಕಿಗಳನ್ನು ಜೊತೆಗಿಟ್ಟು ನೋಡಬೇಕು. ನಮ್ಮ ಮಗುವಿನದು ಹೊಕ್ಕುಳಬಳ್ಳಿಯಲ್ಲಿ 0.96, ಮೆದುಳಿನಲ್ಲಿ 1.68 ಇತ್ತು; ಮೆದುಳಿನ ಅಂಕಿಯನ್ನು ಹೊಕ್ಕುಳಬಳ್ಳಿಯದರಿಂದ ಭಾಗಿಸಿದರೆ ಅನುಪಾತ 1.75. ಅದು 1ಕ್ಕಿಂತ ಕೆಳಗಿಳಿದಿದ್ದರೆ ಆ ದಿನವೇ ಆಸ್ಪತ್ರೆಗೆ ಓಡಬೇಕಾಗುತ್ತಿತ್ತೆಂದು ವೈದ್ಯೆ ಹೇಳಿದಾಗ ನನ್ನ ಎದೆಯ ಭಾರ ಇಳಿಯಿತು.

ತೊಂದರೆಯಾದದ್ದು ಆಮೇಲೆ. ಎರಡು ಗಂಟೆ ಕಾಯಿಸಿ ಕೈಗಿತ್ತ ರಿಪೋರ್ಟಿನಲ್ಲಿ ಕೊನೆಯ ಮುಟ್ಟಿನ ದಿನಾಂಕ 14ರ ಬದಲು 24 ಎಂದಾಗಿತ್ತು. ಹತ್ತು ದಿನ ತಪ್ಪಿದ್ದರಿಂದ 34 ವಾರ 2 ದಿನದ ಬಸಿರು 32 ವಾರ 6 ದಿನದ್ದಾಯಿತು. ಹಾಗೆ ಲೆಕ್ಕ ಹಾಕಿದರೆ ನಮ್ಮ ಚಿಕ್ಕ ಮಗು ವಯಸ್ಸಿಗೆ ತಕ್ಕ ಮಗುವೇ ಆಗಿಬಿಡುತ್ತದೆ! ಡಾಪ್ಲರ್ ಅಂಕಿಗಳ ಮಿತಿಯೂ ವಾರದಿಂದ ವಾರಕ್ಕೆ ಬದಲಾಗುವಂಥದ್ದು. ಮಗಳು ಹೊರಗಿನ ಬೆಂಚಿನಲ್ಲಿ ಕುಳಿತು ಮೊದಲ ಸ್ಕ್ಯಾನಿನ ಕಾಗದದೊಡನೆ ತಾಳೆ ನೋಡದಿದ್ದರೆ ಇದು ಹಾಗೆಯೇ ದಾಟಿಹೋಗುತ್ತಿತ್ತು. “ಟೈಪಿಂಗ್ ಮಿಸ್ಟೇಕ್” ಎಂದಷ್ಟೇ ಹೇಳಿ ಕೌಂಟರಿನವರು ಹದಿನೈದು ನಿಮಿಷದಲ್ಲಿ ತಿದ್ದಿ ಕೊಟ್ಟರು, ಕ್ಷಮೆ ಕೇಳಲಿಲ್ಲ.

ಬಿಲ್ಲು 2,500 ರೂಪಾಯಿ. ಪಟ್ಟ ಶ್ರಮಕ್ಕೆ ಅದು ಹೆಚ್ಚೆನಿಸಲಿಲ್ಲ. ಆದರೆ ಪ್ರತಿ ಸ್ಕ್ಯಾನಿಗೂ ಡಾಪ್ಲರ್ ಸೇರಿಸಿದ ‘ಪ್ಯಾಕೇಜ್’ ಎಂದು ಗೋಡೆಗೆ ಅಂಟಿಸಿದ್ದ ಜಾಹೀರಾತು ನನಗೆ ಒಪ್ಪಿಗೆಯಾಗಲಿಲ್ಲ. ರಕ್ತದೊತ್ತಡ ಏರಿದಾಗ, ಮಗು ಬೆಳೆಯದಿದ್ದಾಗ ಈ ಪರೀಕ್ಷೆ ಜೀವ ಉಳಿಸುತ್ತದೆ. ಯಾವ ತೊಡಕೂ ಇಲ್ಲದ ಬಸುರಿಗೆ ಪದೇ ಪದೇ ಮಾಡಿಸುವುದರಿಂದ ಲಾಭ ಕಂಡುಬಂದಿಲ್ಲ.

ಐದರಲ್ಲಿ ವೈದ್ಯೆಗೆ ಐದು, ಕೌಂಟರಿಗೆ ಎರಡು. ಮುಂದಿನ ವಾರದ ಮರುಪರೀಕ್ಷೆಗೂ ಅಲ್ಲಿಗೇ ಹೋಗುತ್ತೇವೆ, ಅದೇ ವೈದ್ಯೆ ಇರುವ ಬೆಳಗಿನ ಹೊತ್ತಿಗೆ. ಮೊದಲ ಸ್ಕ್ಯಾನಿನ ಕಾಗದವನ್ನು ಮಾತ್ರ ಕೌಂಟರಿನಲ್ಲಿ ಕೊಡದೆ ನೇರವಾಗಿ ಅವರ ಕೈಗೇ ಕೊಡುವುದೆಂದು ಮಗಳು ನಿಶ್ಚಯಿಸಿದ್ದಾಳೆ.