ಟ್ರ್ಯಾಕ್ ಸೈಕಲ್ಲಿಗೆ ಯಾವ ಪವರ್ ಮೀಟರ್? ಕೊಡಗಿನಿಂದ ಒಂದು ಹೋಲಿಕೆ

ಟ್ರ್ಯಾಕ್ ಸೈಕ್ಲಿಂಗ್‌ಗೆ ಯಾವ ಪವರ್ ಮೀಟರ್ (ಸವಾರ ತುಳಿಯುವ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ಅಳೆಯುವ ಸಾಧನ) ಒಳ್ಳೆಯದು ಅಂತ ಕೇಳಿದರೆ ಹಳಬರು ಥಟ್ಟನೆ ಎಸ್‌ಆರ್‌ಎಂ ಅನ್ನುತ್ತಾರೆ. ತಪ್ಪೇನಿಲ್ಲ. ಜರ್ಮನಿಯ ಉಲ್ರಿಚ್ ಶೋಬೆರರ್ 1986ರಲ್ಲಿ ಶುರು ಮಾಡಿದ ಕಂಪನಿ ಅದು. ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳು) ಶಕ್ತಿ ಅಳೆಯುವುದನ್ನು ಸವಾರರಿಗೆ ಕಲಿಸಿದ್ದೇ ಅವರು. ಆದರೆ ಆ ಉತ್ತರ ವೆಲೊಡ್ರೋಮ್ (ಸೈಕಲ್ ರೇಸಿನ ಟ್ರ್ಯಾಕ್) ಪಕ್ಕದಲ್ಲೇ ಮನೆ ಇರುವವರಿಗೆ ಸರಿ. ಕೊಡಗಿನಲ್ಲಿ ಕೂತವರಿಗೆ ಅದು ಅರ್ಧ ಉತ್ತರ ಅಷ್ಟೇ.

ಯಾಕೆ ಅಂದರೆ, ನಮ್ಮಲ್ಲಿ ವೆಲೊಡ್ರೋಮ್ ಇಲ್ಲ. ಇಲ್ಲಿ ಆಟ ಅಂದರೆ ಹಾಕಿ. ಬೇಸಿಗೆ ಬಂತೆಂದರೆ ಕುಟುಂಬಗಳ ಹಾಕಿ ಹಬ್ಬ ಬಿಟ್ಟು ಬೇರೆ ಮಾತೇ ಇರುವುದಿಲ್ಲ. ಟ್ರ್ಯಾಕ್ ಬೇಕೆಂದರೆ ತಿರುವನಂತಪುರದ ಎಲ್‌ಎನ್‌ಸಿಪಿಇ ದೈಹಿಕ ಶಿಕ್ಷಣ ಕಾಲೇಜಿಗೆ ಹೋಗಬೇಕು, ಇಲ್ಲ ದೆಹಲಿಯ ಇಂದಿರಾ ಗಾಂಧಿ ವೆಲೊಡ್ರೋಮ್‌ಗೆ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕಟ್ಟಿದ 250 ಮೀಟರಿನ ಮರದ ಟ್ರ್ಯಾಕ್ ಅದು. ಉಳಿದಂತೆ ನಮ್ಮ ತರಬೇತಿಯೆಲ್ಲ ಕುಶಾಲನಗರ, ಕೂಡಿಗೆ ಕಡೆಯ ಸಮತಟ್ಟಾದ ರಸ್ತೆಯಲ್ಲಿ, ರೋಡ್ ಬೈಕಿನ ಮೇಲೆ. ಮಳೆಗಾಲದಲ್ಲಿ ಜಗಲಿಯಲ್ಲಿ ರೋಲರ್ ಮೇಲೆ. ಬ್ರೇಕೇ ಇಲ್ಲದ ಟ್ರ್ಯಾಕ್ ಬೈಕನ್ನು ಸಂಪಾಜೆ ಘಾಟಿಗೆ ಇಳಿಸುವ ಧೈರ್ಯ ನನಗಂತೂ ಇಲ್ಲ.

ಹಾಗಾಗಿ ನಾನು ಮೀಟರ್‌ನಿಂದ ಮೊದಲು ಕೇಳುವುದು ಇದನ್ನು: ಕೂಡಿಗೆ ರಸ್ತೆಯಲ್ಲಿ ಕಂಡ 300 ವ್ಯಾಟ್, ತಿರುವನಂತಪುರದ ಟ್ರ್ಯಾಕಿನಲ್ಲೂ ಅದೇ 300 ವ್ಯಾಟ್ ಆಗಿರುತ್ತದಾ? ವೇಗ ನೋಡಿ ಇದನ್ನು ತಿಳಿಯುವುದು ಸಾಧ್ಯವಿಲ್ಲ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಕರಾವಳಿಗಿಂತ ಇಲ್ಲಿ ಗಾಳಿಯ ಸಾಂದ್ರತೆ ಹತ್ತಿರ ಹತ್ತಿರ ಶೇ 10ರಷ್ಟು ಕಡಿಮೆ. ಅದೇ ಶಕ್ತಿಗೆ ಇಲ್ಲಿ ವೇಗ ಜಾಸ್ತಿ ಬರುತ್ತದೆ. ಜೊತೆಗೆ ರಸ್ತೆಯ ಏರಿಳಿತ, ಎದುರುಗಾಳಿ, ಲಾರಿ ಪಕ್ಕ ಹೋದಾಗಿನ ಎಳೆತ. ಇಲ್ಲಿಂದ ಅಲ್ಲಿಗೆ ಹೊತ್ತೊಯ್ಯಬಹುದಾದ ಲೆಕ್ಕ ವ್ಯಾಟ್ ಒಂದೇ.

ನಾನು ಬಳಸಿ ನೋಡಿದ್ದು ಮೂರು ಬಗೆ: ಎಡಗಡೆಯ ಕ್ರ್ಯಾಂಕಿನಲ್ಲಿ ಮಾತ್ರ ಅಳೆಯುವುದು, ಎರಡೂ ಪೆಡಲ್‌ಗಳಲ್ಲಿ ಅಳೆಯುವುದು, ಚೈನ್‌ರಿಂಗ್ (ಮುಂದಿನ ಹಲ್ಲುಚಕ್ರ) ಕೂರುವ ಸ್ಪೈಡರ್‌ನಲ್ಲಿ ಅಳೆಯುವುದು. ಸ್ಪೈಡರಿನದ್ದು ಮೈಸೂರಿನ ಗೆಳೆಯನಿಂದ ಎರವಲು ತಂದದ್ದು. ನಾನು ಓಡಿಸುವುದು ಪರ್ಸ್ಯೂಟ್, ಒಂದೇ ಸಮನೆ ಕೆಲವು ನಿಮಿಷ ತುಳಿಯುವ ರೇಸ್. ಅಕ್ಕನ ಮಗಳು ಸ್ಪ್ರಿಂಟರ್, ಅವಳದ್ದು ಕಿರು ದೂರದ ರೇಸ್. ಇಬ್ಬರಿಗೂ ಒಂದೇ ಉತ್ತರ ಬರಲಿಲ್ಲ.

ಮೂರರಲ್ಲೂ ಒಳಗಿರುವುದು ಒಂದೇ ತಂತ್ರ. ಲೋಹ ಕೂದಲೆಳೆಯಷ್ಟು ಬಾಗುವುದನ್ನು ಸ್ಟ್ರೇನ್ ಗೇಜ್ ಹಿಡಿಯುತ್ತದೆ. ಅದರಿಂದ ಟಾರ್ಕ್, ಅಂದರೆ ತಿರುಗಿಸುವ ಬಲ, ಸಿಗುತ್ತದೆ. ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ವ್ಯಾಟ್. ನಿಮಿಷಕ್ಕೆ 60 ಸುತ್ತಿನಲ್ಲಿ 1,000 ವ್ಯಾಟ್ ಬರಬೇಕೆಂದರೆ ಸುಮಾರು 159 ನ್ಯೂಟನ್ ಮೀಟರ್ ಟಾರ್ಕ್ ಬೇಕು. 130 ಸುತ್ತಿನಲ್ಲಿ 73 ಸಾಕು. ಟ್ರ್ಯಾಕಿನಲ್ಲಿ ಗೇರ್ ಬದಲಿಸುವ ಹಾಗಿಲ್ಲವಲ್ಲ, ಒಂದೇ ರೇಸಿನಲ್ಲಿ ಈ ಎರಡೂ ತುದಿ ಬಂದುಹೋಗುತ್ತವೆ. ರೋಡ್ ಬೈಕಿನಲ್ಲಿ ಚೆನ್ನಾಗಿ ನಡೆದ ಮೀಟರ್ ಟ್ರ್ಯಾಕಿನಲ್ಲಿ ತಡವರಿಸುವುದು ಇದರಿಂದಲೇ.

ಎಡಗಡೆ ಕ್ರ್ಯಾಂಕಿನದ್ದನ್ನು ಬೇಗ ಮುಗಿಸುತ್ತೇನೆ. ಮೂರರಲ್ಲಿ ಅಗ್ಗ ಅದು, ಹಗುರ ಕೂಡ. ಎಡಗಾಲಿನ ಶಕ್ತಿ ಅಳೆದು ಸುಮ್ನೆ ಎರಡರಿಂದ ಗುಣಿಸುತ್ತದೆ. ನಿಮ್ಮ ಎಡಗಾಲು ಶೇ 52ರಷ್ಟು ಕೆಲಸ ಮಾಡುತ್ತಿದ್ದರೆ 1,000 ವ್ಯಾಟ್ ಅನ್ನುವುದು 1,040 ಆಗಿ ಕಾಣುತ್ತದೆ. ಯಾವಾಗಲೂ ಅಷ್ಟೇ ತಪ್ಪು ತೋರಿಸಿದರೆ ಹೊಂದಿಕೊಂಡು ಹೋಗಬಹುದಿತ್ತು. ಆದರೆ ಕೂತು ತುಳಿಯುವಾಗ ಒಂದು ಪಾಲು, ಎದ್ದು ತುಳಿಯುವಾಗ ಇನ್ನೊಂದು, ಸುಸ್ತಾದಾಗ ಮತ್ತೊಂದು. ಎಡಗಾಲಿನ ಪಾಲು 48ರಿಂದ 50ಕ್ಕೆ ಏರಿದರೆ ಮೀಟರ್ ಅದನ್ನೇ ಶಕ್ತಿ ಜಾಸ್ತಿಯಾಯಿತು ಅಂತ ತೋರಿಸುತ್ತದೆ. ಇನ್ನೊಂದು ತೊಡಕು, ನನ್ನ ರೋಡ್ ಬೈಕಿನ ಎಡ ಕ್ರ್ಯಾಂಕ್ ಟ್ರ್ಯಾಕ್ ಬೈಕಿಗೆ ಹೊಂದುವುದೇ ಇಲ್ಲ. ಒಳಗಿನ ಆಕ್ಸಲ್ ಬೇರೆ, ಉದ್ದವೂ ಬೇರೆ. ಎರಡೂ ಕಡೆ ಒಂದೇ ಅಳತೆ ಬೇಕು ಅನ್ನುವವನಿಗೆ ಅದು ಅಲ್ಲಿಗೇ ಮುಗಿಯಿತು.

ಪೆಡಲ್ ವಿಷಯ ಹಾಗಲ್ಲ. ನಾನು ಕೊಂಡದ್ದು ಇಟಲಿಯ ಫಾವೆರೊ ಕಂಪನಿಯ ಅಸ್ಸಿಯೋಮಾ ಡುಯೊ. 8 ಮಿಲಿಮೀಟರಿನ ಅಲೆನ್ ಕೀ ಇದ್ದರೆ ರೋಡ್ ಬೈಕಿನಿಂದ ಬಿಚ್ಚಿ ಟ್ರ್ಯಾಕ್ ಬೈಕಿಗೆ ಹಾಕಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು. ಎಡ ಪೆಡಲಿನ ಥ್ರೆಡ್ ಉಲ್ಟಾ ಅನ್ನುವುದು ನೆನಪಿದ್ದರೆ ಆಯಿತು. ಮೆಕ್ಯಾನಿಕ್ ಹುಡುಕಿಕೊಂಡು ಹೋಗಬೇಕಿಲ್ಲ. ಎರಡೂ ಕಾಲನ್ನು ಬೇರೆ ಬೇರೆ ಅಳೆಯುತ್ತದೆ. ತಪ್ಪು ಶೇ 1ರ ಒಳಗೆ ಅಂತ ಕಂಪನಿ ಹೇಳುತ್ತದೆ. ರಸ್ತೆಯಲ್ಲಿ ಬಳಸಿದ ಅದೇ ಗೇಜ್, ಅದೇ ಸವಾರ, ಅದೇ ಶೂ. ನಾನು ಕೇಳುತ್ತಿದ್ದುದು ಇಷ್ಟನ್ನೇ.

ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಪೆಡಲ್ ಅಳೆಯುವುದು ಬಲವನ್ನು. ಅದನ್ನು ಟಾರ್ಕ್ ಮಾಡಲು ಕ್ರ್ಯಾಂಕಿನ ಉದ್ದ ಬೇಕು, ಅದನ್ನು ನಾವೇ ಆ್ಯಪಿನಲ್ಲಿ ತುಂಬಬೇಕು. ನನ್ನ ರೋಡ್ ಬೈಕಿನದ್ದು 172.5 ಮಿಲಿಮೀಟರ್. ಟ್ರ್ಯಾಕಿನದ್ದು 165. ಬದಲಿಸದೆ ಹಾಗೇ ಓಡಿಸಿದರೆ ಎಲ್ಲ ಲೆಕ್ಕವೂ ಶೇ 4.5ರಷ್ಟು ಜಾಸ್ತಿ ತೋರಿಸುತ್ತದೆ. ಹೊಸ ಟ್ರ್ಯಾಕಿಗೆ ಹೋದ ಮೊದಲ ದಿನವೇ ಯಾರಾದರೂ ದಾಖಲೆ ಮುರಿದೆ ಅಂದರೆ ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಪೆಡಲಿನ ಕೊರತೆಗಳೂ ಇವೆ. ಡುಯೊದಲ್ಲಿ ಕ್ರ್ಯಾಂಕ್ ಪಕ್ಕ ಒಂದು ದಪ್ಪ ಪಾಡ್ ಇದೆ, ಬ್ಯಾಟರಿ, ಎಲೆಕ್ಟ್ರಾನಿಕ್ಸ್ ಎಲ್ಲ ಅದರಲ್ಲೇ. ಪಾಡ್ ಇಲ್ಲದ ಪ್ರೊ ಆರ್‌ಎಸ್ 2024ರಲ್ಲಿ ಬಂತು, ಅದನ್ನು ನಾನು ಓಡಿಸಿಲ್ಲ. ಪರ್ಸ್ಯೂಟ್‌ಗೆ ಪಾಡ್ ಅಡ್ಡಿಯೇನಲ್ಲ. ಸ್ಪ್ರಿಂಟರ್‌ಗಳ ಕಥೆ ಬೇರೆ. ಅವರು ನಿಂತ ಜಾಗದಿಂದ ಹೊರಡುವಾಗ ಕಾಲನ್ನು ಮೇಲಕ್ಕೂ ಜೋರಾಗಿ ಎಳೆಯುತ್ತಾರೆ. ಆಗ ಕ್ಲೀಟ್ (ಶೂವನ್ನು ಪೆಡಲಿಗೆ ಕಚ್ಚಿಸುವ ಕೊಂಡಿ) ಕಳಚಿಕೊಂಡರೆ ಕೆಳಗೆ ಬೀಳುವುದೇ ಸೈ, ಚಕ್ರದ ಜೊತೆಗೇ ಪೆಡಲೂ ತಿರುಗುವ ಫಿಕ್ಸೆಡ್ ಗೇರ್‌ನಲ್ಲಿ ಅದು ನಮಗಾಗಿ ಕಾಯುವುದಿಲ್ಲ. ಅದಕ್ಕೆ ಕ್ಲೀಟ್ ಮೇಲೆ ಪಟ್ಟಿಯನ್ನೂ ಬಿಗಿಯುತ್ತಾರೆ. ಈ ಪೆಡಲ್ ಪಟ್ಟಿ ಕಟ್ಟಲು ಮಾಡಿದ್ದಲ್ಲ.

ಅಕ್ಕನ ಮಗಳು ಒಂದೇ ಮಾತಿನಲ್ಲಿ ಮುಗಿಸಿದಳು: "ಮಾವ, ನಂಬರ್ ಸಿಗುತ್ತೆ ಅಂತ ಹಲ್ಲು ಉದುರಿಸಿಕೊಳ್ಳೋಕೆ ನಾನು ರೆಡಿ ಇಲ್ಲ."

ಇಲ್ಲಿಂದ ಸ್ಪೈಡರ್ ಕಡೆ ಬರಬೇಕು. ಟ್ರ್ಯಾಕ್ ಚೈನ್‌ರಿಂಗ್‌ಗಳ ಬೋಲ್ಟ್ ವೃತ್ತ (ಬೋಲ್ಟ್‌ಗಳು ಕೂರುವ ವೃತ್ತದ ವ್ಯಾಸ) ಸಾಮಾನ್ಯವಾಗಿ 144 ಮಿಲಿಮೀಟರ್, ಐದು ಬೋಲ್ಟ್. ಈಗಿನ ರೋಡ್ ಬೈಕಿನಲ್ಲಿ ಹೆಚ್ಚಾಗಿ 110. ಹಾಗಾಗಿ ರೋಡ್ ಸ್ಪೈಡರನ್ನು ಟ್ರ್ಯಾಕಿಗೆ ತರಲಾಗುವುದಿಲ್ಲ, ಟ್ರ್ಯಾಕಿಗೆಂದೇ ಮಾಡಿದ್ದು ಬೇಕು. ಎಸ್‌ಆರ್‌ಎಂನಲ್ಲಿ ಅದಿದೆ. ವರ್ವ್ ಕಂಪನಿಯ ಇನ್ಫೋಕ್ರ್ಯಾಂಕ್‌ನಲ್ಲೂ ಟ್ರ್ಯಾಕ್ ಮಾದರಿ ಇದೆ, ಆದರೆ ಅದು ಅಳೆಯುವುದು ಸ್ಪೈಡರ್‌ನಲ್ಲಲ್ಲ, ಎರಡೂ ಕ್ರ್ಯಾಂಕ್‌ಗಳಲ್ಲಿ. ಇವುಗಳಲ್ಲಿ ಪೆಡಲ್ ಯಾವುದಾದರೂ ಹಾಕಿ, ಪಟ್ಟಿ ಎಷ್ಟು ಬೇಕಾದರೂ ಬಿಗಿಯಿರಿ. ಬೈಕ್ ಬಿದ್ದರೂ ಮೊದಲು ಪೆಟ್ಟು ತಿನ್ನುವುದು ಪೆಡಲ್, ಮೀಟರ್ ಅಲ್ಲ. ಓಡಿಸುವಾಗ ಅದು ಇದೆ ಅನ್ನುವುದೇ ಮರೆತುಹೋಗುತ್ತದೆ. ಬೆಲೆ ಮಾತ್ರ ಮರೆಯುವುದಿಲ್ಲ. ಪೆಡಲ್ ಜೋಡಿಗೇ ನಮ್ಮಲ್ಲಿ ಅರ್ಧ ಲಕ್ಷ ದಾಟುತ್ತದೆ, ಟ್ರ್ಯಾಕ್ ಕ್ರ್ಯಾಂಕ್ ಅದಕ್ಕಿಂತ ಎಷ್ಟೋ ಮೇಲೆ. ಅಷ್ಟು ಕೊಟ್ಟು ವರ್ಷಕ್ಕೆ ಒಂದೆರಡು ಸಲ ಟ್ರ್ಯಾಕಿಗೆ ಹೋದಾಗ ಬಳಸುವುದು ನನ್ನ ಲೆಕ್ಕಕ್ಕೆ ಕೂರುವುದಿಲ್ಲ.

ಹಾಗಾದರೆ ಸ್ಟ್ಯಾಂಡಿಂಗ್ ಸ್ಟಾರ್ಟ್ (ನಿಂತ ಜಾಗದಿಂದ ಹೊರಡುವುದು) ಅಳೆಯಲು ಯಾವುದು ವಾಸಿ? ನಮ್ಮ ಮನೆಯಲ್ಲಿ ಜಗಳ ಆದದ್ದು ಇದರ ಮೇಲೆಯೇ. ಟೀಮ್ ಸ್ಪ್ರಿಂಟ್‌ನಲ್ಲಿ ಜಗತ್ತಿನ ಒಳ್ಳೆಯ ಪುರುಷ ಸವಾರರು ಮೊದಲ 250 ಮೀಟರ್ ಮುಗಿಸುವುದು 17 ಸೆಕೆಂಡಿನ ಆಸುಪಾಸಿನಲ್ಲಿ. ಅದರಲ್ಲಿ ಮೊದಲ ಒಂದೆರಡು ಸುತ್ತಿನ ತುಳಿತವೇ ಎಲ್ಲ. ಆದರೆ ಬಹುತೇಕ ಮೀಟರ್‌ಗಳು ಕ್ರ್ಯಾಂಕ್ ಒಂದು ಸುತ್ತು ಮುಗಿಸಿದ ಮೇಲೆ ಸರಾಸರಿ ತೆಗೆದು ಕಳಿಸುತ್ತವೆ. ನಾವು ಬಳಸುವ ಹೆಡ್ ಯೂನಿಟ್ (ಮೀಟರ್‌ನ ಲೆಕ್ಕ ದಾಖಲಿಸುವ ಪುಟ್ಟ ಕಂಪ್ಯೂಟರ್) ಸೆಕೆಂಡಿಗೊಮ್ಮೆ ಬರೆದಿಟ್ಟುಕೊಳ್ಳುತ್ತದೆ. ಹೊರಟ ಆ ಮೊದಲ ಕ್ಷಣದಲ್ಲಿ ಟಾರ್ಕ್ ಅತಿ ಜಾಸ್ತಿ, ತಿರುಗುವ ವೇಗ ಸೊನ್ನೆಯ ಹತ್ತಿರ. ಫೈಲ್ ತೆರೆದರೆ ಅಲ್ಲಿ ಸೊನ್ನೆಯೋ, ಅರ್ಥವಿಲ್ಲದ ಸಂಖ್ಯೆಯೋ ಇರುತ್ತದೆ. ಪೆಡಲ್ ಇರಲಿ, ಸ್ಪೈಡರ್ ಇರಲಿ, ಸಾಮಾನ್ಯ ಹೆಡ್ ಯೂನಿಟ್ ಜೊತೆ ಬಳಸಿದಾಗ ನಮಗೆ ಸಿಕ್ಕಿದ್ದು ಇದೇ ಹರಕು ಚಿತ್ರ. ಎರಡನೇ ಮೂರನೇ ಸೆಕೆಂಡಿನಿಂದ ಎರಡೂ ಸರಿಯಾದವು. ದುಬಾರಿ ಕ್ರ್ಯಾಂಕ್ ಕೊಂಡರೆ ಸ್ಟಾರ್ಟ್ ಪೂರ್ತಿ ಕಾಣುತ್ತದೆ ಅಂದುಕೊಂಡವರು ಇದನ್ನು ಗಮನಿಸಿ. ಮೊದಲ ಅರ್ಧ ಸುತ್ತು ನೋಡಬೇಕೆಂದರೆ ಅದಕ್ಕೆಂದೇ ವೇಗವಾಗಿ ದಾಖಲಿಸುವ ಲಾಗರ್ ಬೇಕು. ಇಲ್ಲವಾದರೆ ಫೋನಿನಲ್ಲಿ ಪಕ್ಕದಿಂದ ವಿಡಿಯೊ ತೆಗೆದು ಒಂದೊಂದೇ ಫ್ರೇಮ್ ಎಣಿಸಿ. ಅಕ್ಕನ ಮಗಳಿಗೆ ಅದರಿಂದಲೇ ಜಾಸ್ತಿ ಉಪಯೋಗ ಆಯಿತು.

ಫಿಕ್ಸೆಡ್ ಗೇರ್ ಇನ್ನೊಂದು ಕಿರಿಕಿರಿ ತರುತ್ತದೆ. ಸ್ರ್ಯಾಮ್‌ನ ಕ್ವಾರ್ಕ್‌ನಂಥ ಮೀಟರ್‌ಗಳಲ್ಲಿ ಪೆಡಲನ್ನು ಹಿಂದಕ್ಕೆ ಕೆಲವು ಸುತ್ತು ತಿರುಗಿಸಿದರೆ ಸೊನ್ನೆ (ಭಾರವಿಲ್ಲದಾಗಿನ ಅಳತೆಯ ಆರಂಭ ಬಿಂದು) ತಾನೇ ಹೊಂದಿಕೊಳ್ಳುತ್ತದೆ. ರೋಡ್ ಬೈಕಿನಲ್ಲಿ ಓಡುತ್ತಲೇ ಮಾಡಬಹುದು. ಟ್ರ್ಯಾಕ್ ಬೈಕಿನಲ್ಲಿ ಪೆಡಲ್ ಹಿಂದಕ್ಕೆ ಹೋದರೆ ಚಕ್ರವೂ ಹಿಂದಕ್ಕೇ ಹೋಗುತ್ತದೆ. ಇಳಿದು, ಹಿಂದಿನ ಚಕ್ರ ಎತ್ತಿ ಹಿಡಿದು ಮಾಡಬೇಕು. ಕೈಯಿಂದ ಸೊನ್ನೆ ಹೊಂದಿಸುವುದಾದರೂ ಚಕ್ರ ನೆಲದಿಂದ ಮೇಲಿದ್ದರೆ ಒಳ್ಳೆಯದು. ಟ್ರ್ಯಾಕ್ ಚೈನ್ ಬಿಗಿಯಾಗಿರುತ್ತದೆ, ಚಕ್ರ ನೆಲಕ್ಕೆ ಕಚ್ಚಿಕೊಂಡಿದ್ದರೆ ಸ್ಪೈಡರ್ ಮೇಲೆ ಚೂರು ಎಳೆತ ಉಳಿದುಬಿಡಬಹುದು. ಪೆಡಲ್ ಮೀಟರ್‌ಗೆ ಈ ರಗಳೆ ಇಲ್ಲ, ಶೂ ಬಿಡಿಸಿ ನಿಂತರೆ ಸಾಕು. ಯಾವುದೇ ಮೀಟರ್ ಆದರೂ ಬೈಕನ್ನು ಕಾರಿನಿಂದ ಇಳಿಸಿದ ಕೂಡಲೇ ಸೊನ್ನೆ ಮಾಡಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಕಾದ ಲೋಹ ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಮೀಟರ್ ನಿಜ ಹೇಳುತ್ತಿದೆಯಾ ಅಂತ ನೋಡಲು ನಮ್ಮೂರಲ್ಲಿ ಒಂದು ಅನುಕೂಲ ಇದೆ. ತೋಟದಲ್ಲಿ ಕಾಫಿ ಹಣ್ಣು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಚೀಲದಲ್ಲಿ ಮರಳು ತುಂಬಿ ಸರಿಯಾಗಿ 20 ಕಿಲೊ ತೂಗಿಕೊಳ್ಳಿ. ಹಿಂದಿನ ಚಕ್ರ ಅಲ್ಲಾಡದಂತೆ ಹಿಡಿದು, ಕ್ರ್ಯಾಂಕನ್ನು ನೆಲಕ್ಕೆ ಸಮವಾಗಿ ನಿಲ್ಲಿಸಿ, ಪೆಡಲಿನ ಆಕ್ಸಲ್‌ಗೆ ಚೀಲ ತೂಗುಹಾಕಿ. 165 ಮಿಲಿಮೀಟರ್ ಕ್ರ್ಯಾಂಕಿಗೆ 32.4 ನ್ಯೂಟನ್ ಮೀಟರ್ ಬರಬೇಕು. ಟಾರ್ಕ್ ತೋರಿಸುವ ಆ್ಯಪ್ ಇರುವ ಮೀಟರ್ ಆದರೆ ಅಲ್ಲೇ ಗೊತ್ತಾಗುತ್ತದೆ. ಎರವಲು ತಂದ ಸ್ಪೈಡರ್ ಇದರಲ್ಲಿ ಬಹಳ ಚೆನ್ನಾಗಿ ನಿಂತಿತು. ಪೆಡಲ್ ಕೂಡ ಹಿಂದೆ ಬೀಳಲಿಲ್ಲ.

ಮಳೆಯ ಬಗ್ಗೆ ಹೇಳದೆ ಕೊಡಗಿನ ಹೋಲಿಕೆ ಮುಗಿಯುವುದಿಲ್ಲ. ನನ್ನ ಎಡ ಕ್ರ್ಯಾಂಕ್ ಮೀಟರ್‌ನ ಶೆಲ್ ಹಾಕುವ ಮುಚ್ಚಳದೊಳಗೆ ಆಷಾಢದಲ್ಲಿ ತೇವ ಹೊಕ್ಕು, ತಗಡು ಹಸಿರುಗಟ್ಟಿ ಸಿಗ್ನಲ್ ಸತ್ತಿತು. ಕಂಪನಿಗೆ ಬರೆದರೆ ನೀರು ಬಿಟ್ಟಿದ್ದು ನೀವೇ ಅಂದರು. ಜುಲೈನಲ್ಲಿ ಇಲ್ಲಿ ಉಪ್ಪಿನ ಡಬ್ಬಿಯೂ ಒಣಗಿರುವುದಿಲ್ಲ, ಯಾರಿಗೆ ಹೇಳುವುದು! ಅಸ್ಸಿಯೋಮಾದಲ್ಲಿ ತೆರೆಯುವ ಮುಚ್ಚಳವೇ ಇಲ್ಲ, ಚಾರ್ಜ್ ಮಾಡುವ ಬ್ಯಾಟರಿ ಒಳಗೇ ಇದೆ. ಒಂದು ಚಾರ್ಜಿಗೆ ಕನಿಷ್ಠ 50 ಗಂಟೆ ಬರುತ್ತದೆ ಅಂತ ಕಂಪನಿಯ ಮಾತು. ಗಾಳಿ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದಾಗಲೂ ಇದರಿಂದ ತೊಂದರೆಯಾಗಿಲ್ಲ. ಶೆಲ್ ಹಾಕುವ ಮೀಟರ್‌ನ ಪರವಾಗಿ ಒಂದೇ ಮಾತು: ಸಿಆರ್2032 ಶೆಲ್ ಗೋಣಿಕೊಪ್ಪದ ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ನನ್ನ ಆಯ್ಕೆ ಪೆಡಲ್. ಪರ್ಸ್ಯೂಟ್, ಸ್ಕ್ರ್ಯಾಚ್, ಪಾಯಿಂಟ್ಸ್ ಥರದ ದೂರದ ರೇಸ್ ಓಡಿಸುವ, ಟ್ರ್ಯಾಕಿನಿಂದ ದೂರ ಇರುವ ಯಾರಿಗಾದರೂ ನಾನು ಹೇಳುವುದು ಅದನ್ನೇ. ರೇಸಿನ ದಿನ ಹೆಡ್ ಯೂನಿಟ್ ಸೀಟಿನ ಕೆಳಗೆ ಕಟ್ಟಿ, ಟ್ರ್ಯಾಕ್ ರೇಸಿನಲ್ಲಿ ಸವಾರನಿಗೆ ಪರದೆ ಕಾಣುವ ಹಾಗಿಲ್ಲ. ಸ್ಪ್ರಿಂಟರ್ ಆದರೆ ಟ್ರ್ಯಾಕ್ ಸ್ಪೈಡರ್, ಅದೂ ವರ್ಷದಲ್ಲಿ ತಿಂಗಳುಗಟ್ಟಲೆ ವೆಲೊಡ್ರೋಮ್ ಇರುವ ಊರಿನಲ್ಲಿ ಉಳಿಯುವುದಾದರೆ ಮಾತ್ರ. ಅಕ್ಕನ ಮಗಳು ಸದ್ಯಕ್ಕೆ ಏನೂ ಕೊಂಡಿಲ್ಲ. ರಸ್ತೆಯ ತರಬೇತಿಗೆ ನನ್ನ ಪೆಡಲ್ ಒಯ್ಯುತ್ತಾಳೆ, ಟ್ರ್ಯಾಕಿಗೆ ಹೋಗುವಾಗ ಪಟ್ಟಿ ಇರುವ ಹಳೆಯ ಪೆಡಲ್. ಉಳಿದ ದುಡ್ಡಲ್ಲಿ ಬೇರೆ ಬೇರೆ ಹಲ್ಲಿನ ಚೈನ್‌ರಿಂಗ್ ತರಿಸಿಕೊಂಡಿದ್ದಾಳೆ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ ಕ್ರ್ಯಾಂಕ್ ಹುಡುಕುತ್ತಲೂ ಇದ್ದಾಳೆ. ನೀವೂ ಹುಡುಕುವುದಾದರೆ ದುಡ್ಡು ಕೊಡುವ ಮೊದಲು ಬೋಲ್ಟ್ ವೃತ್ತ, ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್), ಕ್ರ್ಯಾಂಕಿನ ಉದ್ದ ಇವು ಮೂರನ್ನೂ ಕೇಳಿ. ಹಳೆಯ ಎಸ್‌ಆರ್‌ಎಂ ಆದರೆ ಬ್ಯಾಟರಿ ಯಾವಾಗ ಬದಲಿಸಿದ್ದು ಅಂತಲೂ ಕೇಳಿ, ಅದನ್ನು ಮನೆಯಲ್ಲಿ ಬದಲಿಸಲು ಬರುವುದಿಲ್ಲ, ಸರ್ವಿಸ್‌ಗೇ ಕಳಿಸಬೇಕು.