ಆಪ್, ವಿಡಿಯೊ ಕೌನ್ಸೆಲಿಂಗ್, ಗುಂಪು: ಶುಗರ್ ಇರುವವರ ಮನಸ್ಸಿಗೆ ಯಾವುದು ಆಸರೆ?

ನನಗೆ ಟೈಪ್ 1 ಡಯಾಬಿಟಿಸ್ ಶುರುವಾಗಿ 11 ವರ್ಷ ಆಯಿತು. ಕಳೆದ ವರ್ಷ ಒಂದು ದಿನ ಬೆರಳು ಚುಚ್ಚಿ ನೋಡುವುದನ್ನೇ ನಿಲ್ಲಿಸಿಬಿಟ್ಟೆ. ಇನ್ಸುಲಿನ್ ಬಿಡಲಿಲ್ಲ, ಆದರೆ ಡೋಸ್ ಎಲ್ಲ ಅಂದಾಜಿನ ಮೇಲೆ. ಮೀಟರ್ ಕೈಗೆತ್ತಿಕೊಂಡರೆ ಸಾಕು, ಎದೆ ಡವಡವ ಅನ್ನುತ್ತಿತ್ತು. ಡಾಕ್ಟರ್ ಮುಂದೆ ಕೂತಾಗ ಮಾತೆಲ್ಲ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಸುತ್ತಲೇ ಮುಗಿಯುತ್ತದೆ, ಅಲ್ವಾ? 'ನನಗೆ ಸಾಕಾಗಿದೆ' ಅಂತ ಹೇಳಲು ಅಲ್ಲಿ ಸಮಯವೇ ಸಿಗುತ್ತಿರಲಿಲ್ಲ.

ಹಾಗಾಗಿ ಆನ್‌ಲೈನ್‌ನಲ್ಲಿ ಹುಡುಕಿದೆ. ಎಂಟು ತಿಂಗಳಲ್ಲಿ ಮೂರು ದಾರಿ ನೋಡಿದೆ: ನಾವೇ ಪಾಠ ಓದಿಕೊಂಡು ಅಭ್ಯಾಸ ಮಾಡುವ ಆಪ್, ವಿಡಿಯೊದಲ್ಲಿ ಕೌನ್ಸೆಲರ್, ಮತ್ತೆ ಶುಗರ್ ಇರುವವರೇ ಸೇರಿ ನಡೆಸುವ ಗುಂಪು.

ಮೊದಲು ಆಪ್. ಶುರುವಿನಲ್ಲೇ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ ಕೊಟ್ಟಿತು. ಒಂಬತ್ತು ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಖಿನ್ನತೆ ಇದೆಯಾ ಅಂತ ಸರಿಯಾಗಿ ನೋಡಿಸಬೇಕು. ನನಗೆ 12 ಬಂತು. ಆದರೆ ನಿದ್ದೆ, ಸುಸ್ತು, ಹಸಿವು ಇವುಗಳ ಬಗ್ಗೆಯೂ ಅದರಲ್ಲಿ ಪ್ರಶ್ನೆಗಳಿವೆ. ಶುಗರ್ ಏರಿದಾಗ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವವರಿಗೆ ನಿದ್ದೆ ಹೇಗೆ ಬರುತ್ತದೆ? ಅದು ಮನಸ್ಸಿನದೋ ಸಕ್ಕರೆಯದೋ ಅಂತ ಆಪ್ ಕೇಳುವುದೇ ಇಲ್ಲ.

ಇದರ ತೊಂದರೆ ಎಷ್ಟು ದೊಡ್ಡದು ಅಂತ ಒಂದು ರಾತ್ರಿ ಗೊತ್ತಾಯಿತು. ಎರಡು ಗಂಟೆಗೆ ಎಚ್ಚರವಾಯಿತು. ಮೈಯೆಲ್ಲ ಬೆವರು, ಕೈ ನಡುಕ. ಆತಂಕ ಅಂದುಕೊಂಡು ಆಪ್ ತೆರೆದೆ. ತೆರೆಯ ಮೇಲೆ ಒಂದು ನೀಲಿ ವೃತ್ತ ದೊಡ್ಡದಾಗುತ್ತಾ ಚಿಕ್ಕದಾಗುತ್ತಾ ಬಂತು. ಅದರ ಜೊತೆಗೆ ಉಸಿರು ಎಳೆದುಕೊಳ್ಳಬೇಕು, ಬಿಡಬೇಕು. ಐದು ನಿಮಿಷ ಅದನ್ನೇ ಮಾಡಿದೆ. ಬೆರಳು ಬಟನ್ ಮೇಲೆ ನಿಲ್ಲದೇ ಜಾರತೊಡಗಿದಾಗ ಅನುಮಾನ ಬಂತು. ಮೂರು ವಾರದ ಮೇಲೆ ಮೊದಲ ಸಲ ಚುಚ್ಚಿ ನೋಡಿದೆ. 52. ಗ್ಲೂಕೋಸ್ ಮಾತ್ರೆ ಅಗಿದು, 15 ನಿಮಿಷ ಬಿಟ್ಟು ಮತ್ತೆ ನೋಡಿದಾಗ 83. ಶುಗರ್ ಇಳಿದರೂ ಅಡ್ರಿನಲಿನ್ ಏರುತ್ತದೆ, ಹೆದರಿದರೂ ಏರುತ್ತದೆ. ಒಳಗಿಂದ ಎರಡೂ ಒಂದೇ ಥರ ಅನಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ 'ಮೊದಲು ಶುಗರ್ ನೋಡಿಕೊಳ್ಳಿ' ಅಂತ ಹೇಳದ ಆಪ್ ಅನ್ನು ನಾನು ಯಾರಿಗೂ ಹೇಳಲಾರೆ.

ಅದರಲ್ಲಿ ಒಂದು ಅಭ್ಯಾಸ ಮಾತ್ರ ನಿಜಕ್ಕೂ ಚೆನ್ನಾಗಿತ್ತು. ಮನಸ್ಸಿಗೆ ಬಂದ ಯೋಚನೆಯನ್ನು ಹಾಗೇ ಬರೆದು, ಪಕ್ಕದಲ್ಲಿ ಅದು ಎಷ್ಟು ನಿಜ ಅಂತ ಬರೆಯುವುದು. '240 ಬಂದಿದೆ, ನನ್ನ ಕೈಲಿ ಏನೂ ಆಗಲ್ಲ' ಅಂತ ಬರೆದ ದಿನವೇ, ನಿನ್ನೆ 130 ಇತ್ತಲ್ಲ ಅಂತಲೂ ಬರೆದೆ. ಇದನ್ನು ಈಗಲೂ ಮಾಡುತ್ತೇನೆ.

ವಿಡಿಯೊ ಕೌನ್ಸೆಲಿಂಗ್‌ನಲ್ಲಿ ಇಬ್ಬರನ್ನು ನೋಡಿದೆ. ಮೊದಲನೆಯವರು ತುಂಬ ಒಳ್ಳೆಯವರು, ಸಮಾಧಾನದಿಂದ ಕೇಳುತ್ತಿದ್ದರು. ಆದರೆ 45 ನಿಮಿಷದಲ್ಲಿ 20 ನಿಮಿಷ ನಾನೇ ಅವರಿಗೆ ಡಯಾಬಿಟಿಸ್ ಪಾಠ ಹೇಳಬೇಕಾಯಿತು. 'ಸ್ವಲ್ಪ ದಿನ ನಂಬರ್ ನೋಡಲೇಬೇಡಿ' ಅಂದರು. ಇನ್ಸುಲಿನ್ ಮೇಲೆ ಬದುಕುವವರಿಗೆ ಇದು ಅಪಾಯದ ಸಲಹೆ. ಅಲ್ಲಿಗೆ ಬಿಟ್ಟೆ.

ಎರಡನೆಯವರು ಶುಗರ್ ಇರುವವರ ಜೊತೆಗೇ ಕೆಲಸ ಮಾಡಿದವರು. ಅವರು ಮೊದಲು ಕೊಟ್ಟಿದ್ದು 'ಪೇಡ್' ಅನ್ನುವ ಪ್ರಶ್ನಾವಳಿ. 1995ರಿಂದ ಬಳಕೆಯಲ್ಲಿದೆ. 20 ಪ್ರಶ್ನೆ, ಒಂದೊಂದಕ್ಕೆ 0ರಿಂದ 4. ಒಟ್ಟನ್ನು 1.25ರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಅಂತ ಸಿಗುತ್ತದೆ. 40 ದಾಟಿದರೆ ಭಾರ ಜಾಸ್ತಿ ಆಗಿದೆ ಅಂತ ಅರ್ಥ. ನನಗೆ 61.25. ಶುಗರ್ ಲೋ ಆಗುವ ಭಯ, ದಾರಿ ತಪ್ಪಿದಾಗ ಕಾಡುವ ತಪ್ಪಿತಸ್ಥ ಭಾವನೆ, ದಿನಾ ಇದೇ ಪಾಡು ಅನ್ನುವ ಬಳಲಿಕೆ, ಎಲ್ಲ ಅದರಲ್ಲಿತ್ತು. ಓದುತ್ತಾ ಅತ್ತುಬಿಟ್ಟೆ. ಇದಕ್ಕೆ 'ಡಯಾಬಿಟಿಸ್ ಡಿಸ್ಟ್ರೆಸ್' ಅನ್ನುತ್ತಾರೆ, ಇದೂ ಖಿನ್ನತೆಯೂ ಒಂದೇ ಅಲ್ಲ, ಕೆಲವರಿಗೆ ಎರಡೂ ಇರಬಹುದು ಅಂತ ಅವರು ಬಿಡಿಸಿ ಹೇಳಿದರು. ನನ್ನ ಡಾಕ್ಟರ್ ಜೊತೆಗೂ ಮಾತಾಡಿಕೊಂಡರು. ಆಮೇಲೆ ಕೊಟ್ಟ ಮೊದಲ ಕೆಲಸ: ಬೆಳಿಗ್ಗೆ ಎದ್ದ ತಕ್ಷಣ ಒಂದು ಸಲ ಚುಚ್ಚಿ ನೋಡಿ ಬರೆಯಬೇಕು. 'ಒಳ್ಳೆಯದು', 'ಕೆಟ್ಟದು' ಅನ್ನಬಾರದು. ಹೆಚ್ಚು, ಕಡಿಮೆ, ಅಷ್ಟೇ. ಎರಡು ವಾರದಲ್ಲಿ ದಿನಕ್ಕೆ ನಾಲ್ಕು ಸಲಕ್ಕೆ ಮರಳಿದೆ.

ಇನ್ನು ಗುಂಪು. ಕೌನ್ಸೆಲರ್ ವಾರಕ್ಕೊಮ್ಮೆ ಸಿಗುತ್ತಾರೆ, ಗುಂಪಿನಲ್ಲಿ ನಡುರಾತ್ರಿಯೂ ಯಾರಾದರೂ ಎದ್ದಿರುತ್ತಾರೆ. 'ಲೋ ಆಗಿತ್ತು, ಈಗ ನಿದ್ದೆ ಬರುತ್ತಿಲ್ಲ' ಅಂದರೆ ಯಾಕೆ, ಏನು ಅಂತ ಯಾರೂ ಕೇಳುವುದಿಲ್ಲ. 'ನಾನೂ ಎದ್ದಿದ್ದೇನೆ' ಅಂತ ಒಂದು ಸಾಲು ಬರುತ್ತದೆ. ಆದರೆ ನಾನು ಮೊದಲು ಸೇರಿದ್ದ ಗುಂಪಿನಲ್ಲಿ ಎಚ್‌ಬಿಎ1ಸಿ ಪೈಪೋಟಿ ನಡೆಯುತ್ತಿತ್ತು. ಒಬ್ಬರು ಇನ್ಸುಲಿನ್ ಬಿಡಿಸುತ್ತೇವೆ ಅನ್ನುವ ಪುಡಿಯ ಜಾಹೀರಾತನ್ನೇ ಹಾಕಿದರು. ಟೈಪ್ 1 ಇರುವವರು ಇನ್ಸುಲಿನ್ ಬಿಟ್ಟರೆ ಕೀಟೋಆಸಿಡೋಸಿಸ್ ಆಗಿ, ಅಂದರೆ ರಕ್ತದಲ್ಲಿ ಆಮ್ಲ ಏರಿ, ಜೀವಕ್ಕೇ ಕುತ್ತು. ಅದನ್ನು ಅಳಿಸುವವರೇ ಅಲ್ಲಿರಲಿಲ್ಲ. ಈಗ ಇರುವ ಗುಂಪಿನಲ್ಲಿ ಒಬ್ಬ ನರ್ಸ್ ಕಣ್ಣಿಟ್ಟಿರುತ್ತಾರೆ. ಇಂಥವರಿಲ್ಲದ ಗುಂಪಿಗೆ ಸೇರಬೇಡಿ.

ನನ್ನ ಲೆಕ್ಕದಲ್ಲಿ ಶುಗರ್ ಗೊತ್ತಿರುವ ಕೌನ್ಸೆಲರ್ ಮೊದಲು, ಗುಂಪು ಅದರ ಬೆನ್ನಿಗೇ, ಆಪ್ ಕೊನೆಗೆ. ಕೌನ್ಸೆಲರ್ ಹತ್ತಿರ ಸಮಯ ಗೊತ್ತುಮಾಡುವ ಮುಂಚೆಯೇ 'ಇನ್ಸುಲಿನ್ ತೆಗೆದುಕೊಳ್ಳುವವರನ್ನು ನೋಡಿದ್ದೀರಾ?' ಅಂತ ಕೇಳಿಬಿಡಿ. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ನಿಮ್ಮ ಉತ್ತರ ಹೌದು ಅಂತಾದರೆ ಈ ಮೂರನ್ನೂ ಪಕ್ಕಕ್ಕಿಡಿ. ಆ ಗಳಿಗೆಯಲ್ಲೇ ಮನೆಯವರನ್ನು ಎಬ್ಬಿಸಿ, ಇನ್ಸುಲಿನ್ ಅವರ ಕೈಗೆ ಕೊಟ್ಟು ಡೋಸ್ ಅವರೇ ಕೊಡಲಿ ಅನ್ನಿ, ಆಸ್ಪತ್ರೆಗೆ ಹೋಗಿ.